ಎರಡು ಸಲ ಎಬ್ಬಿಸಬೇಕಾದ ಚಿಪ್

ಚಳಿ ಶುರುವಾಯಿತೆಂದು ನಿನ್ನೆ ಹೀಟರ್ ಹಚ್ಚಿದೆ. ಬೇಸಿಗೆಯಿಡೀ ಅದರ ಮೇಲೆ ಕೂತಿದ್ದ ಧೂಳು ಸುಟ್ಟು ಒಂದು ವಾಸನೆ ಎದ್ದಿತು ನೋಡಿ, ಹೆಂಡತಿ ಕಿಟಕಿ ತೆರೆಯಲು ಓಡಿದಳು. ನಾನು ಮೂಗು ಅರಳಿಸಿಕೊಂಡು ನಿಂತೆ. ಎರಡು ಸಾವಿರದ ಐದೋ ಆರೋ ಇರಬೇಕು, ನ್ಯೂ ಲಿನ್‌ನ ನಮ್ಮ ಆಫೀಸಿನ ಮೇಜಿನ ಮೇಲೆ ಬಿಸಿಯೇರಿದ ಯಂತ್ರಗಳಿಂದ ಹಗಲೆಲ್ಲ ಇದೇ ವಾಸನೆ.

ಹಾಲು ಕರೆಯುವ ಶೆಡ್ಡುಗಳನ್ನು ನೆಟ್‌ವರ್ಕಿಗೆ ಸೇರಿಸುವ ಪುಟ್ಟ ಪೆಟ್ಟಿಗೆಗಳನ್ನು ಅಲ್ಲಿ ಮಾಡುತ್ತಿದ್ದೆವು. ಅವುಗಳೊಳಗಿನ ಚಿಪ್‌ಗೆ ಏಳು, ಕಳಿಸು, ಮಲಗು ಎಂದು ಹೇಳುವ ಪ್ರೋಗ್ರಾಮಿಗೆ ಡ್ರೈವರ್ ಎನ್ನುತ್ತಾರೆ. ಅದನ್ನು ಬರೆಯುವುದು ನನ್ನ ಕೆಲಸ. ಮೈಸೂರಿನಿಂದ ಈ ದೂರದ ದೇಶಕ್ಕೆ ಬಂದು ವರ್ಷವಾಗಿರಲಿಲ್ಲ. ನನ್ನ ಮನೆಯಿದ್ದ ಮೌಂಟ್ ರಾಸ್ಕಿಲ್‌ನ ಬಸ್ಸಿನಲ್ಲಿ ಕನ್ನಡದವರು ಸಿಕ್ಕರೆ ನಾನು ಕೊಚ್ಚಿಕೊಳ್ಳುತ್ತಿದ್ದದ್ದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಒಳಗೆ ಮಾತ್ರ ಪುಕುಪುಕು. ಇಲ್ಲೇ ನೆಲೆಸಲು ರೆಸಿಡೆನ್ಸಿಗೆ ಅರ್ಜಿ ಹಾಕಿದ್ದೆ. ಅದಕ್ಕೆ ಮ್ಯಾನೇಜರ್ ಗ್ರೇಮ್ ಕೊಡಬೇಕಾದ ಪತ್ರ ಇನ್ನೂ ಕೈಸೇರಿರಲಿಲ್ಲ.

ಆ ಚಿಪ್ ಏನು ಮಾಡಿದರೂ ಏಳುತ್ತಿರಲಿಲ್ಲ. ಒಂದು ದಿನ ಇದ್ದಕ್ಕಿದ್ದಂತೆ ಎದ್ದಿತು. ನೋಡಿದರೆ, ‘ಏಳು’ ಎನ್ನುವ ಸಾಲನ್ನು ಕೈತಪ್ಪಿ ಎರಡು ಸಲ ಅಂಟಿಸಿದ್ದೆ. ಒಂದನ್ನು ಅಳಿಸಿದರೆ ಮತ್ತೆ ಮೂಕ. ಸ್ಕೂಲಿಗೆ ಹೋಗುವ ಮಕ್ಕಳನ್ನು ಎಬ್ಬಿಸುವುದೂ ಹೀಗೆಯೇ, ಆದರೆ ಅಲ್ಲಿ ಕಾರಣ ಗೊತ್ತು. ಚಿಪ್‌ನ ದಪ್ಪ ಮ್ಯಾನ್ಯುಯಲ್‌ನಲ್ಲಿ ಇದರ ಬಗ್ಗೆ ಒಂದಕ್ಷರವೂ ಇರಲಿಲ್ಲ.

ಒಂದೇ ಸಾಲು ಎರಡು ಸಲ ಕಂಡರೆ ಮುಂದೆ ಓದುವವರು ಒಂದನ್ನು ಕಿತ್ತು ಬಿಸಾಡುತ್ತಾರೆ. ಹಾಗಾಗದಂತೆ ಪಕ್ಕದಲ್ಲಿ ಟಿಪ್ಪಣಿ ಬರೆಯಬೇಕು. ‘ಕಾರಣ ಗೊತ್ತಿಲ್ಲ’ ಎಂದು ಬರೆದು ಕೆಳಗೆ ನನ್ನ ಹೆಸರು ಹಾಕುವುದೇ? ಅದನ್ನು ಓದಿದ ಗ್ರೇಮ್ ಇಂಥವನಿಗೆ ಪತ್ರ ಕೊಟ್ಟಾನೆಯೇ? ‘ಚಿಪ್‌ಗೆ ಸ್ವಲ್ಪ ಸಮಯ ಬೇಕು, ಅದಕ್ಕೇ ಎರಡು ಸಲ’ ಎಂದು ಗಟ್ಟಿಯಾಗಿ ಬರೆದುಬಿಟ್ಟೆ.

ನಮ್ಮ ಕೋಡನ್ನೆಲ್ಲ ಓದಿ ಒಪ್ಪಿಗೆ ಕೊಡುತ್ತಿದ್ದವರು ಗದಗಿನ ನಸೀಮಾ ಮೇಡಂ. ಟಿಪ್ಪಣಿ ಕಂಡರೆ ಅವರದು ಒಂದೇ ಪ್ರಶ್ನೆ.

“ಇದನ್ನ ನೀವು ಕಣ್ಣಾರೆ ನೋಡೀರೋ, ಇಲ್ಲಾ ಅಂದ್ಕೊಂಡೀರೋ?”

“ನೋಡಿದೀನಿ ಮೇಡಂ,” ಎಂದೆ. ಅವರು ನಂಬಿದರು. ಅದು ಇವತ್ತಿಗೂ ಚುಚ್ಚುತ್ತದೆ.

ಮುಂದಿನ ತಿಂಗಳು ಗ್ರೇಮ್ ನನ್ನ ಟಿಪ್ಪಣಿ ಓದಿದ. ಬೇಕಾದದ್ದು ಸಮಯ ತಾನೇ ಎಂದು ಎರಡನೆಯ ಸಾಲು ತೆಗೆದು, ಅಲ್ಲಿ ಒಂದು ಸೆಕೆಂಡ್ ಕಾಯುವಂತೆ ಮಾಡಿದ. ನಮ್ಮ ಬೆಚ್ಚಗಿನ ಮೇಜಿನ ಮೇಲೆ ಪೆಟ್ಟಿಗೆ ಎದ್ದಿತು. ಹಸುಗಳ ಸೀಮೆಯಾದ ವೈಕಾಟೋದ ತಣ್ಣನೆಯ ಶೆಡ್ಡಿನಲ್ಲಿ ಕರೆಂಟು ಹೋಗಿ ಬಂದಾಗ ಏಳಲಿಲ್ಲ. ಹಾಲು ಕೆಡುತ್ತಿದೆ ಎಂದು ಹೇಳಬೇಕಾದ ಪೆಟ್ಟಿಗೆಯೇ ಬಾಯಿ ಮುಚ್ಚಿಕೊಂಡಿದ್ದರಿಂದ ರೈತ ಒಂದು ಟ್ಯಾಂಕು ಹಾಲು ಚೆಲ್ಲಬೇಕಾಯಿತು. ಅವನು ಪೆಟ್ಟಿಗೆಯನ್ನು ಯೂಟ್ ಎನ್ನುವ ತನ್ನ ಪಿಕಪ್ ಗಾಡಿಗೆ ಹಾಕಿಕೊಂಡು, ಗಂಬೂಟಿನಲ್ಲೇ ಆಫೀಸಿಗೆ ಬಂದ.

“ನನ್ನದೇ ತಪ್ಪು. ಆ ಸಾಲು ತಿದ್ದಿದ್ದು ನಾನೇ,” ಎಂದ ಗ್ರೇಮ್, ಎಲ್ಲರ ಮುಂದೆ.

ನಾನು ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿದುಹೋಗುತ್ತಿತ್ತು. ಪತ್ರವೂ ಬರುತ್ತಿತ್ತು. ಆದರೆ ಮಾಡದ ತಪ್ಪಿಗೆ ಇನ್ನೊಬ್ಬ ತಲೆ ತಗ್ಗಿಸಿ ನಿಂತದ್ದನ್ನು ನೋಡಲಾಗಲಿಲ್ಲ. ಆ ಕಾರಣ ನಾನು ಊಹಿಸಿ ಬರೆದದ್ದು, ನೋಡಿದ್ದೇನೆ ಎಂದದ್ದೂ ಸುಳ್ಳು ಎಂದುಬಿಟ್ಟೆ.

ಗ್ರೇಮ್ ಆ ಪೆಟ್ಟಿಗೆಯನ್ನು ತಂದು ನನ್ನ ಮುಂದೆ ಇಟ್ಟ. ಆಮೇಲೆ, “ರೈಟ್. ಸೋ ವಾಟ್ ಡೂ ಯೂ ನೋ?” ಎಂದ.

ಎರಡು ಸಲ ಹೇಳಿದರೆ ಏಳುತ್ತದೆ, ಒಂದೇ ಸಲ ಹೇಳಿದರೆ ನಂಬುವಂತಿಲ್ಲ, ಅಷ್ಟೇ ಗೊತ್ತು ಎಂದೆ.

ನಸೀಮಾ ಮೇಡಂ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. “ಹಂಗಂದ್ರ ಹಂಗ ಬರೀರಿ. ಗೊತ್ತಿಲ್ಲಂತ ಬರದ್ರ ಯಾರ ಗಂಟೇನ್ ಹೋಗತೈತಿ?”

ಬರೆದೆ. ಏನು ಕಂಡೆವು, ಎಲ್ಲಿ ಪರೀಕ್ಷಿಸಿದೆವು, ಬರೀ ಕಾದರೆ ಚಳಿಯಲ್ಲಿ ಸಾಲದು, ಕಾರಣ ಗೊತ್ತಿಲ್ಲ. ಕೆಳಗೆ ನನ್ನ ಹೆಸರು. ಗ್ರೇಮ್ ಪತ್ರ ಕೊಟ್ಟ, ಎರಡು ವಾರ ಕಾಯಿಸಿ. ಆ ಎರಡು ವಾರ ನನಗೆ ಅನ್ನ ಸೇರಲಿಲ್ಲ.

ಆ ಕಂಪನಿ ಮುಚ್ಚುವಾಗ ತನ್ನ ಕೋಡನ್ನು ಬೇಕಾದವರಿಗೆಲ್ಲ ಬಿಟ್ಟುಕೊಟ್ಟಿತು. ಈಗ ಯಾವುದೋ ದೇಶದಲ್ಲಿ ಅದನ್ನು ನೋಡಿಕೊಳ್ಳುತ್ತಿರುವ, ನನಗೆ ಗುರುತೇ ಇಲ್ಲದ ಹೆಣ್ಣುಮಗಳೊಬ್ಬಳು ಹೋದ ವಾರ ಈಮೇಲ್ ಕಳಿಸಿದ್ದಳು. ಚಿಪ್ ಯಾಕೆ ಹಾಗೆ ಮಾಡುತ್ತದೆಂದು ಪತ್ತೆ ಹಚ್ಚಿ ನಾಲ್ಕು ಪುಟ ಬರೆದಿದ್ದಾಳೆ. ಕೊನೆಯಲ್ಲಿ, “ನೀವು ಗೊತ್ತಿಲ್ಲ ಎಂದು ಬರೆದಿದ್ದಿರಿ, ಅದಕ್ಕೇ ಹುಡುಕಲು ಹೊರಟೆ” ಎಂದಿದ್ದಾಳೆ. ನನ್ನ ಮೊದಲಿನ ಟಿಪ್ಪಣಿಯೇ ಉಳಿದಿದ್ದರೆ ಯಾರೂ ಹುಡುಕುತ್ತಿರಲಿಲ್ಲ.

ಒಂದು ವಾರದಿಂದ ಉತ್ತರ ಬರೆಯಲು ಹಿಂಜರಿಯುತ್ತಿದ್ದೆ. ನಿನ್ನೆ ಬರೆದೆ: ಮೂರನೆಯ ಪುಟ ನನಗೆ ಅರ್ಥವಾಗಲಿಲ್ಲ, ದಯವಿಟ್ಟು ಬಿಡಿಸಿ ಹೇಳಿ. ಕೆಳಗೆ ಪೂರ್ತಿ ಹೆಸರು ಹಾಕಿ ಕಳಿಸಿದೆ.