ಅನುಮಾನದಕ್ಕ ಮತ್ತು ಅಳಿಸಬಾರದ ಹಾಡು

ಮನೆಗೆ ಬೀಗ ಹಾಕಿದ ಮೇಲೆ ಎಲ್ಲರೂ ಒಂದು ಸಲ ಜಗ್ಗಿ ನೋಡುತ್ತಾರೆ. ಅನುಮಾನದಕ್ಕನಿಗೆ ಅಷ್ಟು ಸಾಲದು. ಆಕೆ ಬೀಗ ತೆಗೆದು, ಬರಿಯ ಬಾಗಿಲನ್ನು ತಳ್ಳಿ, ಅದು ತೆರೆದುಕೊಳ್ಳುತ್ತದೆಯೇ ಎಂದೂ ನೋಡಬೇಕು. ಬೀಗವಿಲ್ಲದೆಯೂ ಬಾಗಿಲು ಅಲ್ಲಾಡದಿದ್ದರೆ ಬೀಗ ಜಗ್ಗಿ ನೋಡಿ ತಿಳಿದದ್ದೇನು, ಮಣ್ಣು? ಹೀಗೆ ಆಕೆಯ ವಾದ. ಗಂಡ ದರ್ಜಿ. ಹೆಂಡತಿಯ ತನಿಖೆ ಮುಗಿಯುವ ತನಕ ಮೆಟ್ಟಿಲ ಮೇಲೆ ಕೂತು ಯಾರದೋ ಅಂಗಿಗೆ ಗುಂಡಿ ಹಚ್ಚುತ್ತಿದ್ದ. ತಾಳ್ಮೆಯೆಂದರೆ ಆ ಮನುಷ್ಯನದು.

ಇಂಥವಳಿಗೆ ತಕ್ಕ ಕೆಲಸವೇ ಸಿಕ್ಕಿತ್ತು. ಆಕೆಯ ಕಚೇರಿಯಲ್ಲಿ ಡಿಸ್ಕುಗಳನ್ನು ಫಾರ್ಮ್ಯಾಟ್ ಮಾಡುವ ಪ್ರೋಗ್ರಾಂ ತಯಾರಾಗುತ್ತಿತ್ತು. ಎಂದರೆ ಡಿಸ್ಕಿನಲ್ಲಿದ್ದದ್ದನ್ನೆಲ್ಲ ಗುಡಿಸಿ ಹಾಕಿ, ಹೊಸ ಫೈಲುಗಳನ್ನು ಜೋಡಿಸಿಡಲು ಹೊಸದಾಗಿ ಗೂಡು ಕಟ್ಟಿಕೊಡುವ ಕೆಲಸ. ಅದು ಅಳಿಸಿದ್ದನ್ನು ಯಾರಪ್ಪ ಬಂದರೂ ಮರಳಿ ತರಲಾಗದು ಎಂಬುದೇ ಅವರ ಹೆಗ್ಗಳಿಕೆ. ಆದರೆ ಬಳಕೆಯಲ್ಲಿರುವ ಡಿಸ್ಕನ್ನು ಕೊಟ್ಟರೆ ಪ್ರೋಗ್ರಾಂ ‘ಒಲ್ಲೆ’ ಎನ್ನಬೇಕು. ಹಿಂದೊಮ್ಮೆ ಅದು ಒಲ್ಲೆ ಎನ್ನುವುದನ್ನು ಮರೆತು ಗಿರಾಕಿಗಳ ಡಿಸ್ಕುಗಳನ್ನೆಲ್ಲ ನುಂಗಿ ನೀರು ಕುಡಿದಿತ್ತು. ಆ ತಪ್ಪನ್ನು ತಿದ್ದಿಯಾಗಿತ್ತು. ತಿದ್ದಿದ ತಪ್ಪು ಹಿತ್ತಿಲ ಬಾಗಿಲಿನಿಂದ ಮತ್ತೆ ಒಳಗೆ ಬರದಂತೆ, ಪ್ರೋಗ್ರಾಮಿನಲ್ಲಿ ಒಂದು ಅಕ್ಷರ ಬದಲಾದರೂ ಮತ್ತೆ ಪರೀಕ್ಷೆ ನಡೆಸುವುದು ಅನುಮಾನದಕ್ಕನ ಪಾಲಿಗೆ ಬಂತು.

ಆಗ ಕಚೇರಿಯ ಮುಖ್ಯಸ್ಥನಿಗೆ ಒಂದು ದಿವ್ಯಜ್ಞಾನ ಉಂಟಾಯಿತು. ಪರೀಕ್ಷೆಯ ಡಿಸ್ಕಿನಲ್ಲಿ ಕೆಲಸಕ್ಕೆ ಬಾರದ ಫೈಲುಗಳನ್ನು ತುಂಬಿದ್ದರಿಂದಲೇ ಹಿಂದೆ ಯಾರೂ ಕಣ್ಣು ಬಿಟ್ಟು ನೋಡಲಿಲ್ಲವಂತೆ. ಕಳೆದುಹೋದರೆ ಹೊಟ್ಟೆ ಉರಿಯುವಂಥದ್ದನ್ನು ಇಡಬೇಕು, ಅದಕ್ಕೆ ಬೇರೆ ಪ್ರತಿ ಇರಕೂಡದು, ಉಳಿದಿದೆಯೋ ಇಲ್ಲವೋ ಎಂದು ಕಣ್ಣು ಕಿವಿಯಿಂದಲೇ ತಿಳಿಯಬೇಕು ಎಂದು ಆತ ಅಪ್ಪಣೆ ಮಾಡಿದ. ಒಬ್ಬ ಗುಮಾಸ್ತ ಮಗಳ ಕುಣಿತದ ವಿಡಿಯೊ ತಂದ. ಮನೆಯಲ್ಲಿ ಇನ್ನೊಂದು ಪ್ರತಿ ಇಟ್ಟಿದ್ದು ಬಯಲಾಗಿ, ನಿನಗೆ ಮಗಳ ಮೇಲೆ ಪ್ರೀತಿಯೇ ಇಲ್ಲವೆಂದು ಬೈಸಿಕೊಂಡ. ಇಂಥ ಮಾತಿಗೆ ತಲೆ ಚಚ್ಚಿಕೊಳ್ಳಬೇಕೋ ನಗಬೇಕೋ ನೀವೇ ಹೇಳಿ. ಅನುಮಾನದಕ್ಕನಿಗೆ ಮಾತ್ರ ಮುಖ್ಯಸ್ಥ ಹುಟ್ಟಿದಾಗಿನಿಂದ ಆಡಿದ ಮೊದಲ ಸರಿಯಾದ ಮಾತು ಇದು ಎನಿಸಿತು. ಆಕೆ ಗಂಡನ ಹಾಡು ತಂದಳು.

ಹಾಡು ಎಂದರೆ, ಗಂಡ ಬದುಕಿನಲ್ಲಿ ನಾಲ್ಕು ಜನರ ಮುಂದೆ ಹಾಡಿದ ಒಂದೇ ಒಂದು ಹಾಡು. ನಾದಿನಿಯ ಮದುವೆಯಲ್ಲಿ ಕರೆಸಿದ್ದ ಗಾಯಕನ ಗಂಟಲು ಕಟ್ಟಿ, ಬೇರೆ ದಾರಿ ಕಾಣದೆ ಇವನನ್ನು ಮುಂದೆ ನೂಕಿದ್ದರು. ಇವನು ಹಾಡಿಬಿಟ್ಟ. ಜನ ಚಪ್ಪಾಳೆಯನ್ನೂ ತಟ್ಟಿದರು. ಯಾರೋ ಅದನ್ನು ರೆಕಾರ್ಡ್ ಮಾಡಿ ಒಂದು ಡಿಸ್ಕಿಗೆ ಹಾಕಿಕೊಟ್ಟರು. ಅಂದಿನಿಂದ ಮನೆಗೆ ಬಂದವರಿಗೆಲ್ಲ ಚಹಾದ ಮೊದಲು ಆ ಹಾಡು. ಅಂಗಡಿಯಲ್ಲಿ ಅಳತೆ ಕೊಡಲು ಕೈ ಚಾಚಿ ನಿಂತವರು ತಪ್ಪಿಸಿಕೊಳ್ಳುವ ಹಾಗೂ ಇರಲಿಲ್ಲ. ಹೆಂಡತಿ ಆ ಡಿಸ್ಕನ್ನು ರಿಪೇರಿಗೆಂದು ಸುಳ್ಳು ಹೇಳಿ ಕಚೇರಿಗೆ ಒಯ್ದಳು. ವರ್ಷಗಳು ಉರುಳಿದರೂ ರಿಪೇರಿ ಮುಗಿಯಲಿಲ್ಲ. ಅವನು ಬಂದವರಿಗೆಲ್ಲ, ಹಾಡು ರಿಪೇರಿಯಲ್ಲಿದೆ ಎನ್ನುತ್ತಿದ್ದ.

ಅತ್ತ ಕಚೇರಿಯಲ್ಲಿ ಹಾಡು ದಿನವೂ ಮೊಳಗುತ್ತಿತ್ತು. ಮೊದಲು ಹಾಡು ಕೇಳುವುದು, ಬಳಿಕ ‘ಈ ಡಿಸ್ಕ್ ಅಳಿಸು’ ಎಂದು ಪ್ರೋಗ್ರಾಮಿಗೆ ಹೇಳುವುದು, ಅದು ಒಲ್ಲೆ ಎನ್ನುವುದು, ಮತ್ತೆ ಹಾಡು ಕೇಳಿ ‘ಪಾಸ್’ ಎಂದು ಬರೆಯುವುದು. ಎರಡನೇ ಚರಣದಲ್ಲಿ ದರ್ಜಿಯ ಸ್ವರ ಜಾರುತ್ತಿತ್ತು. ಕಸ ಗುಡಿಸುವವಳಿಂದ ಹಿಡಿದು ಮುಖ್ಯಸ್ಥನ ತನಕ ಎಲ್ಲರೂ ಗುನುಗುವಾಗ ಅದೇ ಜಾಗದಲ್ಲಿ, ಅಷ್ಟೇ ಜಾರುತ್ತಿದ್ದರು.

ಒಂದು ದಿನ ಅನುಮಾನದಕ್ಕನ ತಲೆಗೆ ಹುಳ ಹೊಕ್ಕಿತು. ಈ ಪರೀಕ್ಷೆ ಒಮ್ಮೆಯೂ ಫೇಲ್ ಆಗಿಲ್ಲವಲ್ಲ! ಇಷ್ಟು ವರ್ಷ ಕಳ್ಳನನ್ನೇ ಕಾಣದ ಕಾವಲುಗಾರ ಎಚ್ಚರವಾಗಿದ್ದಾನೋ ಗೊರಕೆ ಹೊಡೆಯುತ್ತಿದ್ದಾನೋ ಬಲ್ಲವರಾರು? ತಿಳಿಯಲು ಒಂದೇ ದಾರಿ. ಒಲ್ಲೆ ಎನ್ನುವ ಸಾಲನ್ನು ಬೇಕೆಂದೇ ಪ್ರೋಗ್ರಾಮಿನಿಂದ ಕಿತ್ತು ಹಾಕಿ, ಡಿಸ್ಕನ್ನು ಅಳಿಸಗೊಟ್ಟು, ಪರೀಕ್ಷೆ ‘ಫೇಲ್’ ಎನ್ನುತ್ತದೆಯೇ ಎಂದು ನೋಡುವುದು. ಹಾಗೆ ಮಾಡಿದರೆ ಹಾಡು ಹೋಯಿತು.

ಈ ಮಾತು ಕೇಳಿ ಮುಖ್ಯಸ್ಥ ಕುರ್ಚಿ ಬಿಟ್ಟು ಎದ್ದ. ನಿಯಮ ಮಾಡಿದವನೇ ಕಿಟಕಿಯ ಕಡೆ ತಿರುಗಿ ನಿಂತು ಹೇಳಿದ:

“ಅಕ್ಕಾ, ಒಂದು ಕಾಪಿ ಮಾಡ್ಕೊಳ್ಳಿ. ನಾನು ನೋಡಿಲ್ಲ.”

ಅಕ್ಕ ಮಾಡಲಿಲ್ಲ. ಕಾಪಿ ಇಟ್ಟುಕೊಂಡು ಮಾಡಿದರೆ ಅದು ಬೇರೆಯೇ ಪರೀಕ್ಷೆಯಾಗುತ್ತದೆಯಂತೆ. ಹಠ ಎಂದರೆ ಹಠ. ಆದರೂ ಗಂಡನ ಮುಖ ಕಣ್ಣ ಮುಂದೆ ಬಂದು, ಒಂದು ಗಳಿಗೆ ಎಲ್ಲ ಬಿಟ್ಟು ಮನೆಗೆ ಹೋಗೋಣವೆನಿಸಿತು.

ಪ್ರೋಗ್ರಾಂ ಬರೆಯುವ ಹುಡುಗಿ ಆ ಸಾಲನ್ನು ಕಿತ್ತಳು. ಅಕ್ಕ ಹಾಡು ಕೇಳಿದಳು, ‘ಅಳಿಸು’ ಎಂದಳು. ಪ್ರೋಗ್ರಾಂ ಒಲ್ಲೆ ಎನ್ನಲಿಲ್ಲ. ಡಿಸ್ಕಿನ ದೀಪ ಮಿಣಮಿಣ ಎಂದು ನಿಂತಿತು. ಆಮೇಲೆ ಹಾಡು ಹಚ್ಚಿದರೆ, ಏನು ಹೇಳಲಿ, ಎರಡನೇ ಚರಣದ ಜಾರಿನ ಸಮೇತ ಪೂರ್ತಿ ಕೇಳಿಸಿತು! ಕಚೇರಿಗೆ ಕಚೇರಿಯೇ ಕುಣಿಯಿತು. ಗುಮಾಸ್ತ ಕಣ್ಣೊರೆಸಿಕೊಂಡ. ಅನುಮಾನದಕ್ಕ ಒಬ್ಬಳೇ ಹುಬ್ಬು ಗಂಟಿಕ್ಕಿ ಕೂತಿದ್ದಳು. ಅಳಿಸಿದ್ದು ಹಾಡುವುದು ಹೇಗೆ? ಆಕೆ ಡಿಸ್ಕನ್ನು ಸರಕ್ಕನೆ ಕಿತ್ತು ಮತ್ತೆ ಚುಚ್ಚಿದಳು.

ಡಿಸ್ಕ್ ಖಾಲಿ. ಒಂದು ಫೈಲೂ ಇಲ್ಲ.

ಆದದ್ದಿಷ್ಟೆ. ಮೊದಲ ಸಲ ಹಾಡು ಕೇಳಿಸಿದಾಗಲೇ ಕಂಪ್ಯೂಟರು ಅದನ್ನು ತನ್ನ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತಿತ್ತು. ಎರಡನೇ ಸಲ ಡಿಸ್ಕಿನ ಕಡೆ ತಿರುಗಿಯೂ ನೋಡದೆ ಅಲ್ಲಿಂದಲೇ ಹಾಡುತ್ತಿತ್ತು. ಇಷ್ಟು ವರ್ಷ ಬರೆದ ಒಂದೊಂದು ‘ಪಾಸ್’ ಕೂಡ ಟೊಳ್ಳು. ಎಂಥ ದೊಡ್ಡ ತಪ್ಪು ಹಿಡಿದಿರಿ ಎಂದು ಮುಖ್ಯಸ್ಥ ಹೊಗಳಿದ್ದೇ ಹೊಗಳಿದ್ದು. ಹುಡುಗಿ ಮಾತ್ರ ಮೆಲ್ಲಗೆ ಅಂದಳು:

“ಅಕ್ಕ, ನೀವು ಡಿಸ್ಕ್ ಕೀಳದೆ ಇದ್ದಿದ್ರೆ ಮೆಮೊರಿಯಿಂದ ಉಳಿಸ್ಕೋಬಹುದಿತ್ತು. ಕಿತ್ತಾಗ ಅದೂ ಹೋಯ್ತು.”

ಅನುಮಾನದಕ್ಕ ನೇರವಾಗಿ ಗಂಡನ ಅಂಗಡಿಗೆ ನಡೆದಳು. ಅವನು ಒಂದು ಕೋಟಿನ ತೋಳು ಕೂಡಿಸುತ್ತಿದ್ದ. ರಿಪೇರಿಯ ಸುಳ್ಳಿನಿಂದ ಹಿಡಿದು ಡಿಸ್ಕ್ ಕಿತ್ತ ತನಕ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, ಬಟ್ಟೆಯ ರಾಶಿಯ ಮೇಲೆ ಕುಸಿದು ಕೂತು ಅತ್ತಳು. ಹೊಲಿಗೆಯಂತ್ರ ನಿಂತಿತು. ಅವನು ಕತ್ತರಿಯನ್ನು ಪಕ್ಕಕ್ಕೆ ಸರಿಸಿದ. ಬೈದಿದ್ದರೆ ಆಕೆಗೆ ಹಗುರಾಗುತ್ತಿತ್ತು.

“ದಿನಾ ಕೇಳ್ತಿದ್ಯಾ?” ಎಂದು ಕೇಳಿದ.

“ದಿನಾ ಎರಡು ಸಲ.”

ಅವನು ಕೋಟಿನ ತೋಳನ್ನು ಮಡಿಲಿಗೆ ಎಳೆದುಕೊಂಡ. “ಎರಡನೇ ಚರಣದಲ್ಲಿ ಸ್ವಲ್ಪ ಜಾರಿದೀನೇನೋ ಅಂತ ನಂಗೆ ಯಾವಾಗ್ಲೂ ಅನ್ನಿಸ್ತಿತ್ತು. ಬಂದೋರನ್ನ ಕೇಳೋಕೆ ಧೈರ್ಯ ಆಗ್ಲಿಲ್ಲ. ಆ ರಿಪೇರಿದೊಂದು ಬಿಟ್ರೆ ಸುಳ್ಳು ಹೇಳೋಕೆ ನಿಂಗೆ ಬರಲ್ಲ, ನೀನು ಹೇಳು. ಜಾರಿದ್ನಾ?”

ಅನುಮಾನದಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು.

“ಇಲ್ಲ ರೀ,” ಎಂದಳು. “ಎಲ್ಲೂ ಜಾರಿರ್ಲಿಲ್ಲ. ಅಷ್ಟು ಸಲ ಕೇಳಿದೀನಲ್ಲ, ನಂಗೆ ಗೊತ್ತು.”