ಹತ್ತು ಬಿಟ್‌ಗಳ ತಡ

ಮಂಗಳಾ, ನಿನ್ನ ರೇಡಿಯೋ ಬೋರ್ಡ್ ಕೆಟ್ಟಿರಲಿಲ್ಲ. ಕೆಟ್ಟಿದೆ ಎಂದು ನಾನು ಸುಳ್ಳು ಹೇಳಿದೆ — ಗೊತ್ತಿದ್ದೂ ಹೇಳಿದೆ.

ಆಗ ನಾವಿಬ್ಬರೂ ಒಂದೇ ಎಂಜಿನಿಯರಿಂಗ್ ಕಾಲೇಜಿನಲ್ಲಿ ತಾತ್ಕಾಲಿಕ ಉಪನ್ಯಾಸಕಿಯರು. ನೀನು ಕೆಸರೆಯಿಂದ, ನಾನು ಅಶೋಕಪುರಂನಿಂದ. ಮಧ್ಯಾಹ್ನ ಇಬ್ಬರಿಗೂ ಒಂದೇ ಡಬ್ಬಿಯ ಚಿತ್ರಾನ್ನ. ಕಾಯಂ ಹುದ್ದೆಯೂ ಒಂದೇ ಇತ್ತು. ಅದಕ್ಕಾಗಿ ಕಂಪ್ಯೂಟರಿನಿಂದ ಬಿಟ್‌ಗಳನ್ನು, ಅಂದರೆ ಸೊನ್ನೆ-ಒಂದುಗಳ ಸಾಲನ್ನು, ರೇಡಿಯೋಗೆ ಕಳುಹಿಸಿ, ಮರಳಿ ಹಿಡಿದು, ಎಷ್ಟು ತಪ್ಪಿದವು ಎಂದು ಆಯ್ಕೆ ಸಮಿತಿಯ ಎದುರು ತೋರಿಸಬೇಕಿತ್ತು.

ಅದರ ಹಿಂದಿನ ದಿನ ನೀನು ನನ್ನನ್ನು ಕರೆದೆ. "ಅರ್ಧಕ್ಕರ್ಧ ತಪ್ಪು ತೋರಿಸ್ತಿದೆ ಕಣೇ. ಏನ್ಮಾಡ್ಲಿ?"

ನಾನು ಪರದೆ ನೋಡಿದೆ. ಹಿಡಿದ ಬಿಟ್‌ಗಳ ಚುಕ್ಕಿಗಳು ಸೊನ್ನೆಗೊಂದು, ಒಂದಕ್ಕೊಂದು ಎಂದು ಎರಡು ಗುಂಪಾಗಿ ಅಚ್ಚುಕಟ್ಟಾಗಿ ನಿಂತಿದ್ದವು. ಬೋರ್ಡ್ ಕೆಟ್ಟಿದ್ದರೆ ಚೆಲ್ಲಾಪಿಲ್ಲಿಯಾಗಿರುತ್ತಿದ್ದವು. ಅಲೆಯನ್ನು ಹದಗೊಳಿಸಿ ಕಳುಹಿಸುವ ಫಿಲ್ಟರ್ ಐದು ಬಿಟ್‌ಗಳಷ್ಟು ಹೊತ್ತು ತಡೆಯುತ್ತದೆ, ಹಿಡಿಯುವ ಫಿಲ್ಟರ್ ಇನ್ನೈದು. ನಿನ್ನ ಮೊದಲ ಬಿಟ್ ಹನ್ನೊಂದನೆಯದಾಗಿ ಬರುತ್ತಿತ್ತು, ನೀನು ಅದನ್ನು ಮೊದಲನೆಯ ಜಾಗದಲ್ಲೇ ಹುಡುಕುತ್ತಿದ್ದೆ. ಬಂದವುಗಳಲ್ಲಿ ಮೊದಲ ಹತ್ತನ್ನು ತೆಗೆದು ಹೋಲಿಸಿದ್ದರೆ ಒಂದೂ ತಪ್ಪಿರುತ್ತಿರಲಿಲ್ಲ. ಅಂದು ಬೆಳಿಗ್ಗೆ ನಾನೂ ಅಲ್ಲೇ ಎಡವಿ ಸರಿಮಾಡಿಕೊಂಡಿದ್ದೆ. ಹೇಳಬೇಕಾದದ್ದು ಒಂದು ಸಾಲು — ನಾಲಿಗೆ ಹೊರಳಲಿಲ್ಲ ಅನ್ನಲೇ? ಹೊರಳಿತು, ಚೆನ್ನಾಗಿಯೇ ಹೊರಳಿತು.

"ಬೋರ್ಡ್ ಹೋಗಿದೆ ಕಣೇ. ನಾಳೆ ಅವ್ರಿಗೇ ಹೇಳ್ಬುಡು."

ನೀನು ನಂಬಿದೆ. ಮರುದಿನ ಸಮಿತಿಗೆ ಹಾಗೆಯೇ ಹೇಳಿದೆ. ಸಮಿತಿಯ ಹಿರಿಯರೊಬ್ಬರು ನನ್ನ ಬೋರ್ಡನ್ನು ನಿನ್ನ ಕಂಪ್ಯೂಟರಿಗೆ ಜೋಡಿಸಿದರು. ಮತ್ತೆ ಅರ್ಧಕ್ಕರ್ಧ. "ಕುಣಿಯಲಾರದವಳು ನೆಲ ಡೊಂಕು ಅಂದಂಗಾಯ್ತಲ್ಲಮ್ಮ" ಎಂದು ನಕ್ಕರು. ನೀನು ತಿರುಗಿ ನನ್ನನ್ನೇ ನೋಡಿದೆ. ನಾನು ಫೈಲಿನ ದಾರ ಬಿಗಿಯುತ್ತಿದ್ದೆ.

ಹುದ್ದೆ ನನಗೆ ಸಿಕ್ಕಿತು. ನೀನು ಮತ್ತೆ ಕಾಲೇಜಿಗೆ ಬರಲಿಲ್ಲ. ಮನೆಯಲ್ಲೇ ಹತ್ತನೇ ತರಗತಿಯವರಿಗೆ ಗಣಿತ ಹೇಳಿಕೊಡುತ್ತೀಯಂತೆ, ರೇಡಿಯೋ ಮುಟ್ಟಿಯೇ ಇಲ್ಲವಂತೆ.

ಮೊನ್ನೆ ಅಕ್ಕನಿಗೆ ಹೇಳಿದೆ. "ಬುಡೇ, ಆಗ ನಿಂಗೂ ಕಷ್ಟ ಇತ್ತು" ಅಂದಳು. ಯಾವ ಕಷ್ಟ? ಮನೆಯಲ್ಲಿ ಉಣ್ಣಲು ಉಡಲು ಬೇಕಾದಷ್ಟಿತ್ತು. ಆ ಕುರ್ಚಿ ನನಗೆ ಬೇಕಿತ್ತು, ಅಷ್ಟೇ. ಇಲ್ಲದ ಕಷ್ಟವನ್ನು ಯಾರೂ ನನ್ನ ತಲೆಗೆ ಕಟ್ಟಬೇಡಿ. ತಡವಾದರೂ ಸತ್ಯ ಬಂತಲ್ಲ ಎಂದು ಬೆನ್ನು ತಟ್ಟಲೂಬೇಡಿ. ಬಿಟ್ ತಡವಾಗಿ ಬಂದರೆ ಅದು ಫಿಲ್ಟರಿನ ಗುಣ. ಇದು — ನಾನು ಬೇಕೆಂದೇ ಮಾಡಿದ್ದು.

ಇದನ್ನೆಲ್ಲ ಬರೆದು, ಸಹಿ ಹಾಕಿ, ಇವತ್ತು ವಿಭಾಗದ ಮುಖ್ಯಸ್ಥರಿಗೆ ಕೊಟ್ಟೆ. "ಈಗ್ಯಾಕೆ ಮೇಡಂ? ಹರಿದಾಕಿ" ಎಂದು ಹಿಂದಕ್ಕೆ ತಳ್ಳಿದರು. ಹರಿಯಲಿಲ್ಲ. ಕಾಲೇಜು ಕಚೇರಿಯ ಟಪಾಲಿಗೆ ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿದೆ. ಕೆಲಸ ಹೋಗುವುದಿದ್ದರೆ ಹೋಗಲಿ. ಸೋಮವಾರ ಲ್ಯಾಬಿನಲ್ಲಿ ಇದೇ ಪಾಠ — ಮೊದಲ ಹತ್ತನ್ನು ತೆಗೆಯಿರಿ ಎಂದು ಪ್ರತಿವರ್ಷ ಹೇಳುತ್ತೇನೆ. ಈ ಸಲ, ಅಂದು ಅದನ್ನು ಯಾರಿಗೆ ಹೇಳಲಿಲ್ಲ ಎಂಬುದನ್ನೂ ಹೇಳುತ್ತೇನೆ.

ಕ್ಷಮಿಸು ಎನ್ನುವ ಮುಖ ನನಗಿಲ್ಲ. ನಿನ್ನ ಬೋರ್ಡ್ ಚೆನ್ನಾಗಿತ್ತು ಮಂಗಳಾ. ನೀನು ಪರದೆ ತೋರಿಸಿದ ಆ ಹೊತ್ತಿನಲ್ಲಿ ಅದು ಗೊತ್ತಿದ್ದವಳು ನಾನೊಬ್ಬಳೇ.