ಗಣಿಯ ಬೆಟ್ಟದಲ್ಲಿ ಉಳಿದ ಕೂಸು

ಇವತ್ತು ಬೆಳಿಗ್ಗೆ ನಾನು, ಅವ್ವ ಕೋಸಗಿ ಸ್ಟೇಷನ್ನಿನಲ್ಲಿ ನಿಂತಿದ್ದಾಗ ಅದಿರು ತುಂಬಿದ ಗೂಡ್ಸ್ ಗಾಡಿ ಹಾದುಹೋಯಿತು. ಸೆರಗಿನ ಮೇಲೆ ಕೂತ ಕೆಂಪು ಧೂಳನ್ನು ಅವ್ವ ಕೊಡವಲಿಲ್ಲ.

ನಾನು ಚಿಕ್ಕವಳಿದ್ದಾಗ ಅಪ್ಪ, ಅವ್ವ ಸಂಡೂರು ಬೆಟ್ಟದ ಗಣಿಯಲ್ಲಿ ಅದಿರು ಒಡೆಯುತ್ತಿದ್ದರು. ಹಸುಗೂಸು ಸತ್ತರೆ ಮನೆಯ ಪಕ್ಕದಲ್ಲೇ ಹೂಳುವುದು ನಮ್ಮ ರೂಢಿ. ತಮ್ಮನನ್ನು ಬಚ್ಚಲ ಗೋಡೆಯ ಆಚೆ ಹೂತಿದ್ದರು. ಗಣಿ ಮುಚ್ಚಿದಾಗ ಎಲ್ಲರೂ ಮನೆಯ ತಗಡು ಬಿಚ್ಚಿಕೊಂಡು ಲಾರಿ ಹತ್ತಿದರು. ಅವ್ವ ಮಾತ್ರ ಸೂರಿಲ್ಲದ ಗೋಡೆಗಳ ನಡುವೆ ಕೂತುಬಿಟ್ಟಳು.

“ಏಳವ್ವ, ಮಂದಿ ಎಲ್ಲಾ ಹೋದಮ್ಯಾಲೆ ಈ ಬೆಟ್ಟದಾಗ ಕರಡಿ ಜೋಡಿ ಸಂಸಾರ ಮಾಡ್ತಿಯೇನು?” ಎಂದಳು ಪಕ್ಕದ ಮನೆಯ ಹುಸೇನಮ್ಮ.

“ನೀವು ಹೋಗ್ರಿ ಅಕ್ಕಾ. ನನ್ನ ಕೂಸು ಒಬ್ಬಂಟಿ ಆಗತೈತಿ.”

ಅಪ್ಪ ಅವಳನ್ನು ಎತ್ತಿ ಲಾರಿಯಲ್ಲಿ ಕೂರಿಸಿದ.

ಈಗ ಅಲ್ಲಿ ಊರೇ ಇಲ್ಲ. ಒಡಹುಟ್ಟಿದವರು ಎಷ್ಟು ಮಂದಿ ಎಂದು ಯಾರಾದರೂ ಕೇಳಿದರೆ, ನಾನೊಬ್ಬಳೇ ಎಂದು ಇನ್ನು ಹೇಳುವುದಿಲ್ಲ. ತಮ್ಮನಿದ್ದಾನೆ, ಬೆಟ್ಟದ ಮೇಲೆ ಎನ್ನುತ್ತೇನೆ.